ತೊಳೆದರೂ ಹೋಗದ ವಿಷ

2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ ಮಕ್ಕಳಲ್ಲಿ 23 ಮಂದಿ ಅಸುನೀಗಿದರು. ಎಣ್ಣೆಯ ಡಬ್ಬಿಯಲ್ಲೂ ಉಳಿದ ಆಹಾರದಲ್ಲೂ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕ ಪತ್ತೆಯಾಯಿತು.

ಇದು ರಂಜಕ, ಅಂದರೆ ಫಾಸ್ಫರಸ್ ಇರುವ ಸಾವಯವ ಸಂಯುಕ್ತ. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವುದು ಅಸಿಟೈಲ್‌ಕೋಲಿನ್. ಕೆಲಸ ಮುಗಿದೊಡನೆ ಅದನ್ನು ಒಡೆಯುವ ಕಿಣ್ವವೊಂದು ದೇಹದಲ್ಲಿದೆ. ಈ ವಿಷವು ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಜೊಲ್ಲು, ಬೆವರು, ವಾಂತಿ ಉಂಟಾಗಿ, ಕಣ್ಣಿನ ಪಾಪೆ ಕಿರಿದಾಗಿ, ಕೊನೆಗೆ ಉಸಿರಾಟವೇ ಸ್ತಂಭಿಸಬಹುದು. ಕೀಟಗಳು ಸಾಯುವುದೂ ಇದೇ ಬಗೆಯಲ್ಲಿ. ಚರ್ಮದ ಮೂಲಕವೂ ಇದು ದೇಹವನ್ನು ಸೇರಬಲ್ಲದು.

ಗಡಿನಾಡಿನ ಅಂಗಡಿಯಲ್ಲಿ ಸಿಗುವ ಡಬ್ಬಿಯ ಮೇಲೆ ಕನ್ನಡ ಇರದಿರಬಹುದು. ಆದರೆ ತಲೆಬುರುಡೆಯ ಚಿತ್ರಕ್ಕೂ ಅದರ ಕೆಳಗಿನ ಕೆಂಪು ತ್ರಿಕೋನಕ್ಕೂ ಭಾಷೆ ಬೇಕಿಲ್ಲ. ಅದು ಅತಿ ತೀವ್ರ ವಿಷದ ಗುರುತು. ಅದನ್ನು ಮಕ್ಕಳಿಗೆ ಇಂದೇ ತೋರಿಸಿ ತಿಳಿಸಿರಿ. ಆ ಡಬ್ಬಿಯನ್ನು ಎಷ್ಟು ತೊಳೆದರೂ ಎಣ್ಣೆ, ನೀರು ತುಂಬಲು ಬಳಸಬಾರದು.

ಮೈಮೇಲೆ ವಿಷ ಬಿದ್ದರೆ ಬಟ್ಟೆ ಕಳಚಿ, ಸಾಬೂನು ಹಚ್ಚಿ ತೊಳೆದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಟ್ಟೆಗೆ ಹೋಗಿದ್ದರೆ ಕ್ಷಣವೂ ತಡಮಾಡಬೇಡಿರಿ. ಡಬ್ಬಿಯ ಮೇಲಿನ ಹೆಸರನ್ನು ವೈದ್ಯರಿಗೆ ತಿಳಿಸಿರಿ. ಇದಕ್ಕೆ ಅಟ್ರೋಪಿನ್ ಎಂಬ ಪ್ರತಿವಿಷವಿದೆ. ಅದು ಸಕಾಲದಲ್ಲಿ ದೊರೆಯಬೇಕು.