ಮಹಾವ್ಯಾಧನ ಕತ್ತಿಯೊಳಗಿನ ಜೋಡಿಗಳು

ಜನವರಿಯ ರಾತ್ರಿ ಎಂಟರ ಸುಮಾರಿಗೆ ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ, ಷ್ಮಿಟ್ ಸ್ಮಾರಕದ ಬಳಿ ನಿಂತು ಕಡಲಿನತ್ತ ತಲೆಯೆತ್ತಿದರೆ ಮಹಾವ್ಯಾಧ ನಕ್ಷತ್ರಪುಂಜ. ಮೃಗಶಿರ, ಆರಿದ್ರಾ ಮಳೆಗಳನ್ನು ಬಲ್ಲವರಿಗೆ ಆಕಾಶದ ಈ ಭಾಗ ಹೊಸದಲ್ಲ. ಗೆಳೆಯನ ಬೈನಾಕ್ಯುಲರ್ ಅನ್ನು ನಡುಪಟ್ಟಿಯ ಪಕ್ಕದ ಕತ್ತಿಗೆ ತಿರುಗಿಸಿದೆ. ಬಜ್ಜಿ ಅಂಗಡಿಗಳ ದೀಪದ ಬೆಳಕನ್ನೂ ಮೀರಿ ಒಂದು ಬೂದುಬಣ್ಣದ ಮಸುಕು, ಅಂದರೆ ನೀಹಾರಿಕೆ, ಕಂಡಿತು. ಅದೇ ಜಾಗದ ವೆಬ್ ದೂರದರ್ಶಕದ ಚಿತ್ರವನ್ನು ಅವನು ಮೊಬೈಲಿನಲ್ಲಿ ತೆರೆದ. ಎರಡನ್ನೂ ಒಟ್ಟಿಗೆ ನೋಡಿದ ಆ ರೋಮಾಂಚನ ಇನ್ನೂ ಇಳಿದಿಲ್ಲ.

ಸುಮಾರು 1,350 ಜ್ಯೋತಿರ್ವರ್ಷ ದೂರದ ಆ ನೀಹಾರಿಕೆಯಲ್ಲಿ ಅನಿಲ ತನ್ನದೇ ಭಾರಕ್ಕೆ ಕುಸಿದು ನಕ್ಷತ್ರಗಳಾಗುತ್ತಿದೆ. ನಡುವಿನ ಬಿಸಿ ನಕ್ಷತ್ರಗಳ ಅತಿನೇರಳೆ ಕಿರಣಗಳೇ ಅದನ್ನು ಬೆಳಗಿಸುತ್ತವೆ. 1990ರ ದಶಕದ ಆರಂಭದಲ್ಲಿ ಹಬಲ್ ದೂರದರ್ಶಕ ಇಲ್ಲಿ ಎಳೆಯ ನಕ್ಷತ್ರಗಳ ಸುತ್ತ ದೂಳಿನ ತಟ್ಟೆಗಳನ್ನು ತೋರಿಸಿತು. ಅವಕೆಂಪು ಕಣ್ಣಿನ ವೆಬ್ ದೂಳಿನ ಒಳಕ್ಕೇ ಇಣುಕಿತು.

ನನ್ನನ್ನು ಹಿಡಿದಿಟ್ಟದ್ದು 2023ರ ಅಕ್ಟೋಬರಿನ ಸುದ್ದಿ. ಖಗೋಳವಿಜ್ಞಾನಿಗಳಾದ ಪಿಯರ್ಸನ್ ಮತ್ತು ಮೆಕಾಗ್ರನ್ ವೆಬ್ ಚಿತ್ರಗಳಲ್ಲಿ ಯಾವ ನಕ್ಷತ್ರವನ್ನೂ ಸುತ್ತದ, ಗುರುಗ್ರಹದಷ್ಟು ತೂಕದ ಕಾಯಗಳನ್ನು ಗುರುತಿಸಿದರು. ಅವುಗಳಲ್ಲಿ ಸುಮಾರು 40 ಜೋಡಿಗಳು! ಈ ಜೋಡಿಗಳಿಗೆ 'ಜಂಬೋ' ಎಂದು ಹೆಸರಿಟ್ಟರು. ಅನಿಲ ಕುಸಿದು ನಕ್ಷತ್ರದಂತೆ ಹುಟ್ಟಿದವು ಎನ್ನೋಣವೆಂದರೆ, ಹಲವು ತೀರಾ ಹಗುರ. ಗ್ರಹಗಳಾಗಿ ಹುಟ್ಟಿ ಹೊರಕ್ಕೆ ಎಸೆಯಲ್ಪಟ್ಟವು ಎನ್ನೋಣವೆಂದರೆ, ಆ ರಭಸದಲ್ಲಿ ಇಷ್ಟೊಂದು ಜೋಡಿಗಳು ಒಡೆಯದೆ ಉಳಿದದ್ದು ಹೇಗೆ? ಮರುವರ್ಷ ಇನ್ನೊಬ್ಬ ಖಗೋಳವಿಜ್ಞಾನಿ ಕೆವಿನ್ ಲೂಮನ್ ಅದೇ ದತ್ತಾಂಶ ತಿರುವಿ, ಬಹುಪಾಲು ಜಂಬೋಗಳು ನೀಹಾರಿಕೆಯ ಹಿಂದಿನ, ದೂಳಿನಿಂದ ಕೆಂಪಾಗಿ ಕಾಣುವ ಕಾಯಗಳು ಎಂದರು. ಅವರ ವಾದ ಗಟ್ಟಿ ಎನಿಸುತ್ತದೆ. ಆದರೂ 24ನೇ ಜೋಡಿಯ ಕಡೆಯಿಂದ ಅಮೆರಿಕದ ವಿಎಲ್‌ಎ ದೂರದರ್ಶಕ ರೇಡಿಯೊ ಅಲೆಗಳನ್ನು ಹಿಡಿದಿದೆ. ಅದೊಂದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ನಕ್ಷತ್ರಗಳ ಹುಟ್ಟನ್ನು ನೋಡುವ ಇನ್ನೊಂದು ಕಣ್ಣು ನಮ್ಮದೇ. ಚೆನ್ನೈನ ಉತ್ತರಕ್ಕೆ, ಪುಲಿಕಾಟ್ ಸರೋವರದ ಆಚೆಯ ಶ್ರೀಹರಿಕೋಟಾದಿಂದ 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅವಳಿ ಅತಿನೇರಳೆ ದೂರದರ್ಶಕಗಳಿವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದವು. ಕನ್ನಡಿಗಳ ವ್ಯಾಸ ಸುಮಾರು 37.5 ಸೆಂಟಿಮೀಟರ್. ವೆಬ್‌ನ 6.5 ಮೀಟರಿನ ಎದುರು ಚಿಕ್ಕವು, ನಿಜ. ಆದರೆ ಬೇರೆ ಗೆಲಾಕ್ಸಿಗಳಲ್ಲಿ ಬಿಸಿಯಾದ ಎಳೆಯ ನಕ್ಷತ್ರಗಳು ಎಲ್ಲೆಲ್ಲಿ ಗುಂಪುಗೂಡಿವೆ ಎಂಬುದನ್ನು ಅತಿನೇರಳೆಯೇ ನೇರವಾಗಿ ಹೇಳುತ್ತದೆ. ಆ ಕಿರಣಗಳು ವೆಬ್‌ಗೆ ಕಾಣುವುದಿಲ್ಲ.

ಮತ್ತೆ ಜಂಬೋಗಳಿಗೆ ಬಂದರೆ, ಅವುಗಳ ತಗಾದೆಯನ್ನು ಚಿತ್ರಗಳು ಬಗೆಹರಿಸಲಾರವು. ಒಂದೊಂದರ ಬೆಳಕನ್ನೂ ಒಡೆದು, ನೀರು-ಮೀಥೇನ್ ಗುರುತು ಇದೆಯೇ ಎಂದು ನೋಡಬೇಕು. ಇದ್ದರೆ ತಣ್ಣಗಿನ ಹಗುರ ಕಾಯ, ಇಲ್ಲದಿದ್ದರೆ ಹಿಂದಿನ ನಕ್ಷತ್ರ.