ದುಡ್ಡು ಕೊಟ್ಟರೆ ಗೂಗಲ್‌ನಲ್ಲಿ ಮೊದಲ ಸ್ಥಾನ ಖಚಿತವೇ?

‘ನಮ್ಮ ಎಸ್‌ಇಒ ಕೋರ್ಸ್ ಸೇರಿ, ನಿಮ್ಮ ಅಂಗಡಿಯ ವೆಬ್‌ಸೈಟ್ ಗೂಗಲ್‌ನಲ್ಲಿ ಮೊದಲು ಬರುವುದು ಗ್ಯಾರಂಟಿ’ ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ದುಡ್ಡು ಕಟ್ಟುವ ಮುನ್ನ ಇದನ್ನು ಓದಿ.

ಎಸ್‌ಇಒ ಎಂದರೆ ಹುಡುಕಿದವರಿಗೆ ನಮ್ಮ ಪುಟ ಸುಲಭವಾಗಿ ಸಿಗುವಂತೆ ಮಾಡುವ ಕೆಲಸ. ಆದರೆ ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಹೇಳಿದೆ. ಹಣಕ್ಕೆ ಸಿಗುವುದು ‘ಸ್ಪಾನ್ಸರ್ಡ್’ ಎಂಬ ಗುರುತಿರುವ ಜಾಹೀರಾತಿನ ಜಾಗ ಮಾತ್ರ. ‘ಕೀವರ್ಡ್ಸ್ ಮೆಟಾ ಟ್ಯಾಗ್ ತುಂಬಿಸಿ’ ಎಂಬ ಪಾಠವೂ ಹಳತು. ಶ್ರೇಯಾಂಕಕ್ಕೆ ಅದನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿದೆ.

ಕಲಿಯಲು ಗೂಗಲ್‌ನದೇ ‘ಎಸ್‌ಇಒ ಸ್ಟಾರ್ಟರ್ ಗೈಡ್’ ಓದಿ. ಜನ ಏನು ಹುಡುಕುತ್ತಾ ನಿಮ್ಮ ಪುಟಕ್ಕೆ ಬಂದರು ಎಂಬುದನ್ನು ‘ಸರ್ಚ್ ಕನ್ಸೋಲ್’ನಲ್ಲಿ ನೋಡಿ. ಎರಡೂ ಉಚಿತ. ನಾವು ಹೇಳುವುದಿಷ್ಟೇ: ಗ್ಯಾರಂಟಿ ಕೊಟ್ಟವರಿಗೆ ದುಡ್ಡು ಕೊಡಬೇಡಿ.