ಕಂಪ್ಯೂಟರ್ ಗೇಮ್ ಆಡಿದರೆ ಲಕ್ವ ಹೊಡೆದ ಕೈ ಸರಿಯಾಗುತ್ತದೆಯೇ?

‘ಪಾರ್ಶ್ವವಾಯುವಿಗೆ ಫಿಸಿಯೋಥೆರಪಿ ಬೇಡ, ಗೇಮ್ ಆಡಿದರೆ ಸಾಕು’ ಎಂಬಂಥ ಸಂದೇಶ ಮನೆಯ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನೊಮ್ಮೆ ಓದಿ. ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿದರೆ ರೋಗಿಗೇ ನಷ್ಟ.

ಕೈ ಯಾಕೆ ಏಳುವುದಿಲ್ಲ?

ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಪಾರ್ಶ್ವವಾಯು ಆಗುತ್ತದೆ. ಪೆಟ್ಟು ಬಿದ್ದಿರುವುದು ಕೈಗಲ್ಲ, ಕೈಗೆ ಆಜ್ಞೆ ಕೊಡುವ ಮೆದುಳಿನ ಭಾಗಕ್ಕೆ. ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿಸಿದರೆ ಮೆದುಳಿನ ಉಳಿದ ಭಾಗಗಳು ಆ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಕಲಿಯುತ್ತವೆ.

ಎಷ್ಟು ಸಲ ಮಾಡಬೇಕು ಎಂಬುದೇ ಸಮಸ್ಯೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಸಲ ಅಭ್ಯಾಸ ಮಾಡಿಸುತ್ತಾರೆ. ಆದರೆ ಉತ್ತರ ಅಮೆರಿಕದ ಚಿಕಿತ್ಸಾ ಕೇಂದ್ರಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಅವಧಿಯಲ್ಲಿ ಕೈಯಿಂದ ಮಾಡಿಸಿದ ಉಪಯುಕ್ತ ಚಲನೆಗಳು ಸರಾಸರಿ 32 ಮಾತ್ರ. ಮುಷ್ಟಿ ಬಿಡಿಸಿ, ಮುಚ್ಚಿ ಎಂದು ನೂರು ಸಲ ಹೇಳಿದರೆ ಯಾರಿಗಾದರೂ ಬೇಸರ ಬರುತ್ತದೆ. ಅದೇ ಚಲನೆಯಿಂದ ತೆರೆಯ ಮೇಲೆ ಚೆಂಡು ಹಿಡಿದು ಅಂಕ ಗಳಿಸಬಹುದಾದರೆ ಇನ್ನೊಂದು ಸುತ್ತು ಆಡೋಣ ಅನಿಸುತ್ತದೆ. ಗೇಮಿನ ಮುಖ್ಯ ಲಾಭ ಇದೇ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಐಐಟಿ ಮದ್ರಾಸ್ ಸೇರಿ ರೂಪಿಸಿದ ‘ಪ್ಲೂಟೊ’ ಎಂಬ ಸಣ್ಣ ಯಂತ್ರ ಕೆಲಸ ಮಾಡುವುದೂ ಹೀಗೆಯೇ. ಹಿಡಿಕೆ ಬದಲಿಸಿ ಮಣಿಕಟ್ಟು, ಮುಂಗೈ, ಬೆರಳುಗಳಿಗೆ ಕಂಪ್ಯೂಟರ್ ಆಟದ ಮೂಲಕ ವ್ಯಾಯಾಮ ಕೊಡಬಹುದು.

ಸಾಕ್ಷ್ಯ ಏನು ಹೇಳುತ್ತದೆ?

2016ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಲ್ಕು ದೇಶಗಳ 141 ರೋಗಿಗಳಿದ್ದರು. ಮಾಮೂಲಿ ಚಿಕಿತ್ಸೆಯ ಜೊತೆಗೆ ಒಂದು ಗುಂಪು ‘ವೀ’ ವಿಡಿಯೊ ಗೇಮ್ ಆಡಿತು. ಇನ್ನೊಂದು ಗುಂಪು ಇಸ್ಪೀಟು, ಬಿಂಗೊ, ಚೆಂಡಿನಂಥ ಸಾದಾ ಆಟ ಆಡಿತು. ಎರಡೂ ಗುಂಪಿನವರ ಕೈ ಸುಧಾರಿಸಿತು, ವ್ಯತ್ಯಾಸ ಕಾಣಲಿಲ್ಲ. ಇಂಥ 190 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2025ರ ಕೊಕ್ರೇನ್ ವಿಮರ್ಶೆ, ಇತರ ಚಿಕಿತ್ಸೆಗಳಿಗಿಂತ ಗೇಮ್ ಮತ್ತು ವರ್ಚುವಲ್ ರಿಯಾಲಿಟಿಯಿಂದ ಕೈಗೆ ಸ್ವಲ್ಪ ಹೆಚ್ಚು ಲಾಭ ಇರಬಹುದು ಎಂದಿದೆ. ಪವಾಡ ಎಂದಿಲ್ಲ.

ನಮ್ಮ ಊರಿನಲ್ಲಿ ಏನು ಮಾಡಬಹುದು?

ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿ.ಮೀ. ಚಾರ್ಮಾಡಿ, ದಿಡುಪೆ ಕಡೆಯವರಿಗೆ ಇನ್ನೂ ದೂರ. ರೋಗಿಯನ್ನು ದಿನಾ ಕರೆದೊಯ್ಯುವುದು ಎಷ್ಟು ಮನೆಗಳಿಗೆ ಸಾಧ್ಯ? ಹಾಗಾಗಿ ಮನೆಯ ಅಭ್ಯಾಸವೇ ಮುಖ್ಯ. ಅದಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಅಟ್ಟದ ಮೇಲಿರುವ ಚೆನ್ನೆಮಣೆಯನ್ನು ಕೆಳಗಿಳಿಸಿ. ಕಾಯಿ ಹೆಕ್ಕುವುದು, ಒಂದೊಂದಾಗಿ ಗುಳಿಗೆ ಬಿಡುವುದು ಬೆರಳುಗಳಿಗೆ ಒಳ್ಳೆಯ ಕೆಲಸ.

ಈ ನಾಲ್ಕು ವಿಷಯ ನೆನಪಿರಲಿ:

• ಆಡಬೇಕಾದದ್ದು ಬಿದ್ದ ಕೈ. ಮೊಬೈಲ್ ಗೇಮನ್ನು ಸರಿಯಿರುವ ಕೈಯಲ್ಲಿ ಆಡಿದರೆ ಪ್ರಯೋಜನವಿಲ್ಲ.
• ಯಾವ ಚಲನೆ, ಎಷ್ಟು ಸಲ ಎಂದು ಫಿಸಿಯೋಥೆರಪಿಸ್ಟ್ ಬಳಿ ಕೇಳಿಕೊಳ್ಳಿ. ಭುಜ ನೋಯುತ್ತಿದ್ದರೆ ನಿಲ್ಲಿಸಿ, ಕೈಯನ್ನು ಜಗ್ಗಬೇಡಿ.
• ಬೆರಳು ಸ್ವಲ್ಪವೂ ಅಲುಗಾಡದವರಿಗೆ ಸಾದಾ ಗೇಮ್ ಸಾಲದು. ಅವರಿಗೆ ಬೇರೆ ವಿಧಾನಗಳಿವೆ.
• ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಮತ್ತೊಮ್ಮೆ ಪಾರ್ಶ್ವವಾಯು ಆಗದಂತೆ ಅವು ಕಾಯುತ್ತವೆ.

ಕೊನೆಯದಾಗಿ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಗೇಮೂ ಬೇಡ, ಬೆರಳಿಗೆ ಸೂಜಿ ಚುಚ್ಚುವ ವಾಟ್ಸ್‌ಆ್ಯಪ್ ಮದ್ದೂ ಬೇಡ. ತಕ್ಷಣ 108ಕ್ಕೆ ಕರೆ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೂರದ ಊರಿನವರಿಗೆ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.